ಚನ್ನರಾಯಪಟ್ಟಣದ ಪಾಠ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ ವಿಮಾನೋದ್ಯಮಕ್ಕಾಗಿ 1,777 ಎಕರೆ ಜಮೀನನ್ನು ವಶಪಡಿಸಿಕೊಳ್ಳಬೇಕೆಂಬ ಸಂಕಲ್ಪವನ್ನು ಸರಕಾರವು 2025ನೆಯ ಜುಲೈ 15ರಂದು ಕೈಬಿಟ್ಟುದು ವಾಚಕರಿಗೆ ವಿದಿತವೇ ಆಗಿದೆ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂದು ಮಾಡಿದ ಘೋಷಣೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಇದು ಅನುಗ್ರಹವಲ್ಲ. 2022ನೆಯ ಏಪ್ರಿಲಿನಿಂದ ಮಳೆಬಿಸಿಲೆನ್ನದೆ ಮೂರು ವರ್ಷಕ್ಕೂ ಮಿಕ್ಕು ಧರಣಿ ಕುಳಿತ ರೈತ ಸ್ತ್ರೀಪುರುಷರು ಸಂಪಾದಿಸಿದ ನ್ಯಾಯ.

ಕೈಗಾರಿಕೆ ದೇಶಕ್ಕೆ ಅನಾವಶ್ಯಕವೆಂದು ನಾವು ಹೇಳುವವರಲ್ಲ. ಆದರೆ ರಾಗಿ, ದ್ರಾಕ್ಷಿ, ತರಕಾರಿಗಳನ್ನು ಬೆಳೆಯುವ ಭೂಮಿಯನ್ನು ನಕ್ಷೆಯ ಮೇಲಿನ ಬರಿಯ ಬಯಲೆಂದು ಎಣಿಸುವುದು ದೂರದೃಷ್ಟಿಯಲ್ಲ.

ಒಪ್ಪಿ ಕೊಡುವವರ ಜಮೀನನ್ನು ಹೆಚ್ಚಿನ ಪರಿಹಾರವಿತ್ತು ಪಡೆಯುವುದಾಗಿಯೂ ಅದೇ ಘೋಷಣೆಯಲ್ಲಿ ಹೇಳಲಾಯಿತು. ನಮ್ಮ ಆತಂಕವಿರುವುದು ಅಲ್ಲಿಯೇ. ಒಗ್ಗಟ್ಟಾಗಿ ನಿಂತ ಊರನ್ನು ಒಬ್ಬೊಬ್ಬರನ್ನಾಗಿ ಒಡೆಯುವುದು ಸುಲಭ; ಹೊಲಗಳ ನಡುವೆ ಕಾರ್ಖಾನೆ ಎದ್ದರೆ ಮಾರದವನ ದಾರಿಗೂ ನೀರಿಗೂ ಬಾಧೆ ತಪ್ಪದು. ಆದುದರಿಂದ ಅಧಿಸೂಚನೆಗೆ ಮೊದಲೇ ಗ್ರಾಮಸಭೆಯ ಅಭಿಪ್ರಾಯವನ್ನು ಕೇಳುವುದು ಯಾವ ಸರಕಾರಕ್ಕಾದರೂ ಧರ್ಮ. ಪ್ರಜೆಗಳನ್ನು ಕಟ್ಟಕಡೆಯಲ್ಲಿ ಕೇಳುವ ರಾಜ್ಯವು ಸ್ವರಾಜ್ಯವೆನಿಸದು.