ಹೊಲದ ಬೆಳ್ಳಕ್ಕಿ, ನೀರಿನ ಬೆಳ್ಳಕ್ಕಿ

ನಮ್ಮ ಗುಡ್ಡಾಪುರದ ಸೀಮೆಯಲ್ಲಿ ಬಿಳಿಯ ಹಕ್ಕಿ ಯಾವುದಿದ್ದರೂ ಅದಕ್ಕೆ ಬೆಳ್ಳಕ್ಕಿ ಎಂದೇ ಹೆಸರು. ಮರಾಠಿ ನೆರೆಯವರಿಗೆ ಎಲ್ಲವೂ ಬಗಳೆ. ಹೆಸರು ಒಂದಾದುದರಿಂದ ಕೆಡುಕೂ ಉಂಟು. ಮೀನುಗಳ್ಳನೆಂದು ಕವಣೆ ಬೀಸಿದರೆ ಕಲ್ಲು ತಗಲುವದು ಹೊಲದಲ್ಲಿ ಮಿಡತೆ ಹೆಕ್ಕುವ ಹಕ್ಕಿಗೆ.

ಮೊದಲು ಕೊಕ್ಕನ್ನು ನೋಡಬೇಕು. ಹಳದಿ ಕೊಕ್ಕು, ಗಿಡ್ಡ ಕುತ್ತಿಗೆ, ತುಸು ಗುಂಡಾದ ಮೈ ಇದ್ದರೆ ಅದು ಗೋವಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿಯಾಗಿದ್ದರೆ ಚಿಕ್ಕ ಬೆಳ್ಳಕ್ಕಿ. ಕೆಸರಿನಲ್ಲಿ ನಿಂತಾಗ ಪಾದ ಕಾಣದು, ಹಾರುವಾಗ ನೋಡಿರಿ. ಕೆರೆಗೆ ಇಳಿಯುವ ಹಳದಿ ಕೊಕ್ಕಿನ ಎತ್ತರದ ಬೆಳ್ಳಕ್ಕಿಗಳು ಬೇರೆ ಜಾತಿಯವು. ಮಳೆಗಾಲದಲ್ಲಿ ಮರಿಮಾಡುವಾಗ ಗೋವಕ್ಕಿಯ ತಲೆ, ಕುತ್ತಿಗೆ, ಬೆನ್ನು ಹೊಂಬಣ್ಣಕ್ಕೆ ತಿರುಗುತ್ತವೆ. ಆಗ ಶಾಲೆಯ ಮಕ್ಕಳೂ ಗುರುತಿಸಬಲ್ಲರು. ಚಿಕ್ಕ ಬೆಳ್ಳಕ್ಕಿಗೆ ನೆತ್ತಿಯ ಹಿಂದೆ ಎರಡು ನೀಳ ಗರಿಗಳೂ ಬೆನ್ನಿನ ಮೇಲೆ ಜಾಲರಿಯಂಥ ಗರಿಗಳೂ ಮೂಡುತ್ತವೆ. ವಿಲಾಯತಿ ಹೆಂಗಸರ ಟೊಪ್ಪಿಗೆಯ ಸಿಂಗಾರಕ್ಕೆಂದು ಇಂಥ ಗರಿಗಳಿಗಾಗಿ ಬೆಳ್ಳಕ್ಕಿಗಳನ್ನು ಕೊಲ್ಲುತ್ತಿದ್ದರು. 1902ರಲ್ಲಿ ಸರಕಾರವು ಕಾಡುಹಕ್ಕಿಗಳ ಗರಿ ಹೊರದೇಶಕ್ಕೆ ಹೋಗದಂತೆ ತಡೆಯಿತು.

ಗೋವಕ್ಕಿಯು ದನಗಳ ಬೆನ್ನು ಹತ್ತುವದು ಉಣ್ಣಿಗಾಗಿ ಎಂದು ನಮ್ಮವರ ನಂಬಿಗೆ. ಉಣ್ಣಿ ಸಿಕ್ಕರೆ ಅದು ಬಿಡದು, ನಿಜ. ಆದರೆ ಅದರ ಹೊಟ್ಟೆ ತುಂಬುವದು ಮುಖ್ಯವಾಗಿ ಮಿಡತೆ, ನೊಣಗಳಿಂದ. ದನ ಕಾಲಿಟ್ಟಲ್ಲಿ ಹುಲ್ಲಿನೊಳಗಿನ ಹುಳ ಜಿಗಿಯುತ್ತದೆ, ಪಕ್ಕದಲ್ಲಿದ್ದ ಹಕ್ಕಿ ಕಚ್ಚುತ್ತದೆ. ಹೀಗೆ ಕಡಿಮೆ ನಡೆದು ಹೆಚ್ಚು ತಿನ್ನುತ್ತದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ಅದಕ್ಕೆ ಬೇಸರವಿಲ್ಲ. ನೇಗಿಲ ಸಾಲನ್ನೇ ಹಿಂಬಾಲಿಸುತ್ತದೆ. ಕಪ್ಪೆ, ಓತಿಕ್ಯಾತಗಳನ್ನೂ ಅದು ನುಂಗುತ್ತದೆ, ಅವೂ ಹುಳ ತಿನ್ನುವಂಥವೇ. ಆದ್ದರಿಂದ ಲಾಭವನ್ನು ಉಬ್ಬಿಸಿ ಹೇಳಲಾಗದು; ಆದರೂ ಜೋಳದ ಹೊಲಕ್ಕೆ ಅದು ಬೇಡವಾದ ಅತಿಥಿಯಲ್ಲ. ಔಷಧ ಹೊಡೆದ ಬೆಳೆಯ ಹುಳ ತಿಂದರೆ ವಿಷ ಅದರ ಮೈಗೂ ಸೇರುತ್ತದೆಂಬುದನ್ನು ಒಕ್ಕಲಿಗರು ನೆನಪಿಡಬೇಕು.

ಚಿಕ್ಕ ಬೆಳ್ಳಕ್ಕಿಯ ಹೊಲ ನೀರೇ. ಕಾಲಿನಿಂದ ಕೆಸರು ಕಲಕಿ ಸಣ್ಣ ಮೀನು, ಕಪ್ಪೆ, ನೀರಹುಳಗಳನ್ನು ಹಿಡಿಯುತ್ತದೆ. ಆದರೆ ಪ್ಲಾಸ್ಟಿಕ್ ಕಾಗದ ಹಾಸಿದ ಶೇತತಳೆಯ ದಂಡೆ ಕಡಿದು. ಅಲ್ಲಿ ಅದಕ್ಕೆ ನಿಲ್ಲಲು ತೆಳುನೀರು ಎಲ್ಲಿಯದು? ಬೆಳೆದ ಮೀನನ್ನಂತೂ ನುಂಗಲಾರದು. ಮರಿ ಬಿಟ್ಟ ಮೊದಲ ತಿಂಗಳುಗಳಲ್ಲಿ ಮೇಲೆ ಬಲೆ ಕಟ್ಟಿದರೆ ಸಾಕು. ವಿಷವಿಡುವದು ಬೇಡ, ಅದು ನಾಯಿಯನ್ನೂ ಕೊಲ್ಲುತ್ತದೆ. ಮೇಲಾಗಿ 1972ರ ವನ್ಯಜೀವಿ ಕಾಯದೆಯಂತೆ ಎರಡೂ ಹಕ್ಕಿಗಳಿಗೆ ರಕ್ಷಣೆಯಿದೆ.

ಇವೆರಡೂ ಒಂದೇ ಮರದಲ್ಲಿ ಒಟ್ಟಿಗೆ ಗೂಡು ಕಟ್ಟುವದುಂಟು. ಅಂಥ ಜಾಲಿ, ಹುಣಸೆಗಳ ಟೊಂಗೆ ಸವರುವದಿದ್ದರೆ ಮಳೆಗಾಲ ಕಳೆದು ಮರಿಗಳು ಹಾರಿದ ಮೇಲೆ ಸವರಿರಿ.