ಬೂಂದಿ: ಮಳೆಯನ್ನು ಕೂಡಿಟ್ಟ ಹಾಡಾಗಳ ರಾಜಧಾನಿ

ಕೋಟಾದಿಂದ ವಾಯವ್ಯಕ್ಕೆ ಸುಮಾರು 35 ಕಿ.ಮೀ. ಸಾಗಿದರೆ ಬೂಂದಿ. ರಾಜಸ್ಥಾನವೆಂದರೆ ಮರಳು, ಒಂಟೆ ಎಂದುಕೊಂಡು ಬಂದವರಿಗೆ ಇಲ್ಲಿ ಮೊದಲು ಎದುರಾಗುವುದು ಭತ್ತದ ಗದ್ದೆಗಳು. ನಾವು ಹೋದದ್ದು ಮಳೆಗಾಲದಲ್ಲಿ. ಅರಾವಳಿಯ ಗುಡ್ಡಗಳೆಲ್ಲ ಹಸಿರುಟ್ಟಿದ್ದವು. ಕಣಿವೆಯ ಇಳಿಜಾರಿನಲ್ಲಿ ಅರಮನೆ, ಅದರ ನೆತ್ತಿಯ ಮೇಲೆ ಕೋಟೆ, ಬುಡದಲ್ಲಿ ಕೆರೆ. ಬೂಂದಿಯ ಇಡೀ ಚಿತ್ರ ಒಂದೇ ನೋಟಕ್ಕೆ ದಕ್ಕುತ್ತದೆ.

ಈ ಕಣಿವೆ ಮೊದಲು ಮೀಣಾ ಬುಡಕಟ್ಟಿನವರದು. 1342ರಲ್ಲಿ ಹಾಡಾ ಚೌಹಾಣರ ರಾವ್ ದೇವ ಇದನ್ನು ಗೆದ್ದುಕೊಂಡ. ಹಾಡಾಗಳು ಆಳಿದ ಸೀಮೆಗೆ ಹಾಡೌತಿ ಎಂಬ ಹೆಸರೇ ನಿಂತಿತು. 1569ರಲ್ಲಿ ರಾವ್ ಸುರ್ಜನ ರಣಥಂಬೋರ್ ಕೋಟೆಯನ್ನು ಅಕ್ಬರನಿಗೆ ಬಿಟ್ಟುಕೊಟ್ಟ. ಅಲ್ಲಿಂದಾಚೆಗೆ ಬೂಂದಿಯ ದೊರೆಗಳು ಮೊಘಲರ ಸೇನಾನಿಗಳು. ರಾವ್ ಛತ್ರಸಾಲ 1657ರಲ್ಲಿ ಔರಂಗಜೇಬನ ದಂಡಿನೊಂದಿಗೆ ನಮ್ಮ ಬಸವಕಲ್ಯಾಣದ ಕೋಟೆಯ ಮುತ್ತಿಗೆಗೂ ಬಂದಿದ್ದ. ಮರುವರ್ಷವೇ ದಾರಾ ಶಿಕೋನ ಪಕ್ಷ ಹಿಡಿದು, ಅದೇ ಔರಂಗಜೇಬನ ವಿರುದ್ಧ ಸಾಮೂಗಢದಲ್ಲಿ ಹೋರಾಡಿ ಮಡಿದ. ಷಹಜಹಾನನ ಕಾಲದಲ್ಲಿ ಕೋಟಾ ಬೇರೆ ರಾಜ್ಯವಾಗಿ ಒಡೆದುಹೋಯಿತು. 1818ರಲ್ಲಿ ಬ್ರಿಟಿಷರೊಂದಿಗೆ ಒಪ್ಪಂದವಾಯಿತು. 1948ರ ಮಾರ್ಚ್ 25ರಂದು ಬೂಂದಿ ರಾಜಸ್ಥಾನ ಒಕ್ಕೂಟದಲ್ಲಿ ಸೇರಿತು.

ಪೇಟೆಯ ಇಕ್ಕಟ್ಟಾದ ಬೀದಿ ದಾಟಿದರೆ ಅರಮನೆಗೆ ಕಲ್ಲುಹಾಸಿನ ಕಡಿದಾದ ಏರು. ಹಿಂದೆ ಆನೆಗಳು ಹತ್ತುತ್ತಿದ್ದ ದಾರಿ ಇದು. ಮಳೆ ಬಿದ್ದಾಗ ಕಾಲು ಜಾರುತ್ತದೆ. ಮೇಲೆ ಹಾಥಿ ಪೋಲ್ ಬಾಗಿಲಲ್ಲಿ ಎರಡು ಕಲ್ಲಾನೆಗಳು ಸೊಂಡಿಲೆತ್ತಿ ಕಮಾನು ಕಟ್ಟಿವೆ. ಒಳಗೆ ಛತ್ರಸಾಲ ಕಟ್ಟಿಸಿದ ಛತ್ರ ಮಹಲ್, ಚಾವಣಿಯಿಡೀ ಚಿತ್ರ ತುಂಬಿದ ಬಾದಲ್ ಮಹಲ್. ಕೆಲವು ಕೋಣೆಗಳಲ್ಲಿ ಬಾವಲಿಗಳ ಸಂಸಾರ. ಮೂಗು ಮುಚ್ಚಿಕೊಂಡೇ ತಲೆಯೆತ್ತಬೇಕು.

ಬೂಂದಿಗೆ ಬಂದವರು ನಿಧಾನಿಸಬೇಕಾದ ಜಾಗ ಚಿತ್ರಶಾಲಾ. 18ನೇ ಶತಮಾನದಲ್ಲಿ ರಾವ್ ಉಮ್ಮೇದ್ ಸಿಂಗ್ ಕಾಲದಲ್ಲಿ ಮೂಡಿದ ಭಿತ್ತಿಚಿತ್ರಗಳಿವು. ಅಂಗಳದ ಸುತ್ತಲ ಪಡಸಾಲೆಯ ಗೋಡೆಗಳಲ್ಲಿ ಕೃಷ್ಣಲೀಲೆ, ರಾಗಮಾಲೆ, ಅರಮನೆಯ ಮೆರವಣಿಗೆ. ಎಲ್ಲವೂ ಹಸಿರು, ನೀಲಿ ಬಣ್ಣಗಳಲ್ಲಿ. ಒಂದು ಗೋಡೆಗೆ ಹತ್ತಿರ ಹೋಗಿ ನಿಂತೆ. ಬಾಳೆಗಿಡದ ಒಂದೊಂದು ಎಲೆಗೂ ನರ ಎಳೆದಿದ್ದಾರೆ. ತಾವರೆಕೊಳದಲ್ಲಿ ಮೊಗ್ಗು, ಅರಳು, ಬಾಡಿದ ಹೂ ಎಲ್ಲವೂ ಇವೆ. ಮೇಲೆ ಕಪ್ಪು ಮೋಡ, ಅದನ್ನು ಸೀಳುವ ಸಣ್ಣ ಚಿನ್ನದ ಗೆರೆಯಂಥ ಮಿಂಚು. ಕತ್ತೆತ್ತಿ ಕಿಟಕಿಯಾಚೆ ನೋಡಿದರೆ ಅದೇ ಮೋಡ, ಅದೇ ಗುಡ್ಡ. ಈ ಕಲಾವಿದರು ಕಲ್ಪನೆಯ ಬೃಂದಾವನವನ್ನು ಬರೆಯಲಿಲ್ಲ, ಬೂಂದಿಯ ಮಳೆಗಾಲವನ್ನೇ ಬರೆದರು.

ಅರಮನೆಯ ಮೇಲಿನ ತಾರಾಗಢ ಕೋಟೆ 1354ರದ್ದು. ಹತ್ತುವಾಗ ಕೈಯಲ್ಲೊಂದು ಕೋಲಿರಲಿ, ಮುಸಿಯಗಳ ಕಾಟ ಜಾಸ್ತಿ. ಭೀಮ ಬುರ್ಜಿನಿಂದ ಊರಿನ ನೀಲಿ ಮನೆಗಳೆಲ್ಲ ಕಾಣುತ್ತವೆ. ಆದರೆ ನನ್ನನ್ನು ಹೆಚ್ಚು ಹಿಡಿದದ್ದು ಬಂಡೆ ಕೊರೆದು ಮಾಡಿದ ಭಾರಿ ಹೊಂಡಗಳು. ನದಿಯಿಲ್ಲದ ಗುಡ್ಡದ ತುದಿಯಲ್ಲಿ ಮಳೆನೀರೇ ಕೋಟೆಯ ಜೀವ. ಗುಡ್ಡದ ಬುಡದಲ್ಲಿರುವ ನವಲ್ ಸಾಗರ ಕೆರೆಯಲ್ಲಂತೂ ವರುಣನ ಗುಡಿಯೇ ಅರ್ಧ ನೀರಿನಲ್ಲಿ ಮುಳುಗಿ ನಿಂತಿದೆ.

ಇದೇ ಜಾಣ್ಮೆಯ ಶಿಖರ ಪೇಟೆಯ ನಡುವಿನ ರಾಣೀಜಿ ಕೀ ಬಾವಡಿ. ರಾವ್ ಅನಿರುದ್ಧ ಸಿಂಗನ ರಾಣಿ ನಾಥಾವತಿ 1699ರಲ್ಲಿ ಕಟ್ಟಿಸಿದ ಈ ಮೆಟ್ಟಿಲ ಬಾವಿಯ ಆಳ 46 ಮೀಟರ್. ಇಳಿಯುತ್ತ ಹೋದಂತೆ ಬಿಸಿಲು ಹಿಂದುಳಿದು ತಂಪು ಮೈಗೆ ತಾಗುತ್ತದೆ. ಎತ್ತರದ ಕಂಬಗಳ ತಲೆಯ ಮೇಲೆ ಕಲ್ಲಾನೆಗಳು, ನಡುವೆ ತೋರಣದ ಕಮಾನು, ಗೋಡೆಯ ಗೂಡುಗಳಲ್ಲಿ ವಿಷ್ಣುವಿನ ಅವತಾರಗಳು. ನೀರು ಸೇದಲು ಬಂದ ಹೆಂಗಸರಿಗೆ ಇದು ಬಾವಿಯೂ ಹೌದು, ಗುಡಿಯೂ ಹೌದು, ಮಾತಿನ ಕಟ್ಟೆಯೂ ಹೌದು. ಊರ ಹೊರಗೆ ಕೋಟಾ ದಾರಿಯಲ್ಲಿ ಅನಿರುದ್ಧನೇ ತನ್ನ ದಾದಿಯ ಮಗ ದೇವನ ನೆನಪಿಗೆ ಕಟ್ಟಿಸಿದ 84 ಕಂಬಗಳ ಛತ್ರಿಯಿದೆ. ರಾಜನಲ್ಲದವನಿಗೆ ಇಷ್ಟು ದೊಡ್ಡ ಸ್ಮಾರಕ ಅಪರೂಪವೇ.

ಬೂಂದಿಯಲ್ಲಿ ಇಂಥ ಬಾವಡಿ, ಕುಂಡಗಳು ಹತ್ತಾರಿವೆ. ಚೋಗಾನ್ ಬಾಗಿಲ ಹೊರಗಿನ ನಾಗರ್ ಸಾಗರ್ ಜೋಡಿ ಕುಂಡಗಳ ಮೆಟ್ಟಿಲ ಜ್ಯಾಮಿತಿಗೆ ಎಂಥವರೂ ಮರುಳಾಗಬೇಕು. ಕೆಳಗಿನ ನೀರಿನಲ್ಲಿ ಮಾತ್ರ ಪ್ಲಾಸ್ಟಿಕ್ ತೇಲುತ್ತಿತ್ತು. ಮನೆಗೆ ನಲ್ಲಿ ಬಂದಮೇಲೆ ಬಾವಿಯ ಹಂಗು ತಪ್ಪಿತು, ನಮ್ಮೂರ ಕಲ್ಯಾಣಿಗಳ ಪಾಡೂ ಇದೇ ತಾನೆ? ಬೂಂದಿಯ ದೊರೆಗಳು ಗೆದ್ದ ಯುದ್ಧಗಳನ್ನು ಇಂದು ಇತಿಹಾಸದ ಪುಸ್ತಕದಲ್ಲಿ ಹುಡುಕಬೇಕು. ಅವರು ನೀರಿಗೆ ತೋರಿದ ಮರ್ಯಾದೆ ಮಾತ್ರ ಊರ ತುಂಬ ಕಣ್ಣೆದುರೇ ಇದೆ.

ಹೋಗುವುದಿದ್ದರೆ ಕಜಲೀ ತೀಜ್ ಹಬ್ಬದ ಹೊತ್ತಿಗೆ ಹೋಗಿ. ಉತ್ತರದವರಿಗೆ ಅದು ಭಾದ್ರಪದ ಕೃಷ್ಣ ತದಿಗೆ, ನಮ್ಮ ಪಂಚಾಂಗದಲ್ಲಿ ಶ್ರಾವಣ ಬಹುಳ ತದಿಗೆ. ತೀಜ್ ದೇವಿಯ ಮೆರವಣಿಗೆ ಆಗ ಪೇಟೆಯಲ್ಲಿ ಹೊರಡುತ್ತದೆ. ಜೈಪುರ, ಉದಯಪುರಗಳ ನಡುವೆ ಎರಡು ದಿನ ಉಳಿಸಿಕೊಂಡರೆ ಸಾಕು. ಬೆಳಗ್ಗೆ ಅರಮನೆ, ಕೋಟೆ, ಮಧ್ಯಾಹ್ನದ ಬಿಸಿಲಿಗೆ ಬಾವಡಿಗಳು. ಜಾರದ ಚಪ್ಪಲಿ ಮರೆಯಬೇಡಿ.