ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿ ಕೇಳಿತೇ? ‘ಶಬ್ದ’ ಘಟಕದಲ್ಲಿ ನ್ಯಾಯವಾದ ಹೋಲಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೇ ತರಗತಿಯ ‘ಶಬ್ದ’ ಘಟಕದ ಪಾಠವೊಂದನ್ನು ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಒಂದೇ ಹಾಡನ್ನು ಎರಡು ಸಂಗೀತ ಆ್ಯಪ್‌ಗಳಲ್ಲಿ ಕೇಳಿಸಿ, ಯಾವುದರ ಧ್ವನಿ ಗುಣಮಟ್ಟ ಹೆಚ್ಚು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಎರಡನೆಯದಕ್ಕೆ ಕೈ ಎತ್ತಿದರು. ತೀರ್ಮಾನ ಕಪ್ಪುಹಲಗೆಗೆ ಏರಿತು. ನಾನೂ ವೀಕ್ಷಣಾ ನಮೂನೆಯಲ್ಲಿ ‘ಚಟುವಟಿಕೆ ಉತ್ತಮ’ ಎಂದು ಬರೆದೆ. ಆಗ ಒಬ್ಬ ಹುಡುಗಿ ಎದ್ದು, “ಮೇಡಂ, ಎರಡನೇದು ಜೋರಾಗಿತ್ತಲ್ವಾ?” ಎಂದಳು. “ಹೌದು, ಕೂತ್ಕೋ” ಎಂಬ ಉತ್ತರದೊಂದಿಗೆ ಪಾಠ ಮುಂದುವರಿಯಿತು. ಆ ಪ್ರಶ್ನೆಯೇ ಅಂದಿನ ಪಾಠವಾಗಬೇಕಿತ್ತು. ಅದನ್ನು ಅವರೂ ಬಿಟ್ಟರು, ನಾನೂ ಬಿಟ್ಟೆ.

ಹೋಲಿಸುವುದು ಏನನ್ನು?

ಸಿ.ಡಿ.ಯಲ್ಲಿ ಸಂಗೀತ ಸೆಕೆಂಡಿಗೆ ಸುಮಾರು 1411 ಕಿಲೋಬಿಟ್‌ಗಳಷ್ಟು ಜಾಗ ಬೇಡುತ್ತದೆ. ಅಂದರೆ ನಿಮಿಷಕ್ಕೆ 10 ಮೆಗಾಬೈಟ್‌ಗೂ ಹೆಚ್ಚು. ಸ್ಪಾಟಿಫೈನ 320 ಕಿಲೋಬಿಟ್ ಆಯ್ಕೆಯಲ್ಲಿ ಇದು ನಿಮಿಷಕ್ಕೆ 2.4 ಮೆಗಾಬೈಟ್‌ಗೆ ಇಳಿಯುತ್ತದೆ. ಆ್ಯಪಲ್ ಮ್ಯೂಸಿಕ್‌ನ ಸಾಮಾನ್ಯ ಆಯ್ಕೆ 256 ಕಿಲೋಬಿಟ್. ಉಳಿದದ್ದು ಎಲ್ಲಿ ಹೋಯಿತು? ಡೊಳ್ಳು ಬಾರಿಸುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸುವುದಿಲ್ಲ. ಹೀಗೆ ಕಿವಿಗೆ ಹೇಗೂ ಮರೆಯಾಗುವ ಅಂಶಗಳನ್ನು ಸಂಕುಚನ ವಿಧಾನವು ಕೈಬಿಡುತ್ತದೆ. ಏನನ್ನೂ ಕೈಬಿಡದ ‘ಲಾಸ್‌ಲೆಸ್’ ಆಯ್ಕೆಯನ್ನು ಆ್ಯಪಲ್ ಮ್ಯೂಸಿಕ್ 2021ರಲ್ಲಿ ಆರಂಭಿಸಿತು. ಅಂಕಿಗಳಲ್ಲಿ ವ್ಯತ್ಯಾಸ ದೊಡ್ಡದು. ಅದು ಕಿವಿಗೆ ತಿಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಹೋಲಿಕೆ ಎಲ್ಲಿ ತಪ್ಪುತ್ತದೆ?

ಮೊದಲನೆಯದು ಗಟ್ಟಿತನ. ಸ್ವಲ್ಪವೇ ಜೋರಾದ ಧ್ವನಿಯೂ ‘ಹೆಚ್ಚು ಸ್ಪಷ್ಟ’ ಎನಿಸುತ್ತದೆ. ಒಂದೊಂದು ಸೇವೆಯೂ ಹಾಡುಗಳ ಗಟ್ಟಿತನವನ್ನು ತನ್ನದೇ ಮಟ್ಟಕ್ಕೆ ಹೊಂದಿಸುತ್ತದೆ. ಎರಡನೆಯದಾಗಿ, ಒಂದೇ ಹಾಡಿನ ಬೇರೆ ಬೇರೆ ಮರುಸಂಸ್ಕರಿತ ಆವೃತ್ತಿಗಳು ಬೇರೆ ಬೇರೆ ಆ್ಯಪ್‌ಗಳಲ್ಲಿ ಇರಬಹುದು. ಮೂರನೆಯದಾಗಿ, ಬ್ಲೂಟೂತ್ ಸ್ಪೀಕರ್ ಬಳಸಿದರೆ ಹಾಡು ಸಾಮಾನ್ಯವಾಗಿ ಮತ್ತೊಮ್ಮೆ ಸಂಕುಚನಗೊಳ್ಳುತ್ತದೆ. ಹೀಗೆ ಮೂರು ನಾಲ್ಕು ಚರಗಳು ಒಟ್ಟಿಗೇ ಬದಲಾದಾಗ ಫಲಿತಾಂಶಕ್ಕೆ ಯಾವುದು ಕಾರಣವೆಂದು ಹೇಳಲಾಗದು.

ತರಗತಿಯಲ್ಲಿ ಮಾಡುವ ಕ್ರಮ

1. ಒಂದೇ ಮಾದರಿಯ ಎರಡು ಫೋನ್, ಒಂದೇ ಆ್ಯಪ್, ಒಂದೇ ಹಾಡು ಇರಲಿ. ಗುಣಮಟ್ಟದ ಆಯ್ಕೆ ಮಾತ್ರ ಬೇರೆ ಇರಲಿ.
2. ಒಂದೇ ಸ್ಪೀಕರ್‌ಗೆ ವೈರ್ ಮೂಲಕ ಜೋಡಿಸಿ. ಧ್ವನಿ ಅಳೆಯುವ ಆ್ಯಪ್‌ನಿಂದ ಎರಡರ ಗಟ್ಟಿತನವನ್ನೂ ಸಮಗೊಳಿಸಿ.
3. ಫೋನ್‌ಗಳನ್ನು ಪರದೆಯ ಹಿಂದಿಡಿ. ಮೊದಲು ಎರಡನ್ನೂ ‘ಅ’ ಮತ್ತು ‘ಬ’ ಎಂದು ಹೇಳಿ ಕೇಳಿಸಿ.
4. ಬಳಿಕ ನಾಣ್ಯ ಚಿಮ್ಮಿ ಒಂದನ್ನು ಆರಿಸಿ, ಹಾಡಿನ ಅದೇ ಭಾಗ ಕೇಳಿಸಿ. ಅದೇ ಫೋನ್ ಮತ್ತೆ ಬಂದರೂ ವೈರ್ ತೆಗೆದು ಹಾಕಿ. ಇಲ್ಲವಾದರೆ ಆ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ.
5. ಮಕ್ಕಳು ಮಾತನಾಡದೆ ಉತ್ತರ ಬರೆಯಲಿ. ಹೀಗೆ 10 ಸಲ ಮಾಡಿ.

ಮೊದಲ ಸುತ್ತಿನಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚು ಗುಣಮಟ್ಟದ ಆಯ್ಕೆಗಳನ್ನು ಹೋಲಿಸಿ. ಎರಡನೆಯ ಸುತ್ತಿನಲ್ಲಿ ಮಧ್ಯಮ ಮತ್ತು ಅತಿ ಹೆಚ್ಚಿನ ಆಯ್ಕೆಗಳನ್ನು ಇಡಿ. ಕಷ್ಟ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಫಲಿತಾಂಶ ಓದುವಾಗ

ಬರೀ ಊಹೆಯಿಂದಲೇ 10ರಲ್ಲಿ ಸರಾಸರಿ 5 ಸರಿಯಾಗುತ್ತವೆ. 8 ಅಥವಾ ಹೆಚ್ಚು ಸರಿಯಾಗುವ ಸಂಭವನೀಯತೆ 56/1024. ಅಂದರೆ 40 ಮಕ್ಕಳ ತರಗತಿಯಲ್ಲಿ ಇಬ್ಬರು ಅದೃಷ್ಟದಿಂದಲೇ ಅಲ್ಲಿಗೆ ಮುಟ್ಟಬಹುದು. ಆದ್ದರಿಂದ ಹೆಚ್ಚು ಅಂಕ ಬಂದವರನ್ನು ‘ಚುರುಕು ಕಿವಿಯವರು’ ಎಂದು ಹೊಗಳುವ ಮೊದಲು ಅವರಿಗೆ ಮತ್ತೊಮ್ಮೆ ಕೇಳಿಸಿ. ಸರಿಯಾಗಿ ಕೇಳಿಸದ ಮಕ್ಕಳಿದ್ದರೆ ಅವರಿಗೆ ಗಟ್ಟಿತನ ಅಳೆಯುವ, ಅಂಕ ದಾಖಲಿಸುವ ಹೊಣೆ ಕೊಡಿ. ಅಂಕಪಟ್ಟಿಯಿಂದ ಯಾರಿಗೂ ಮುಜುಗರವಾಗಬಾರದು.

ಪಾಠದ ನಂತರದ ಚರ್ಚೆಯಲ್ಲಿ ನನ್ನ ನಮೂನೆಯ ‘ಉತ್ತಮ’ವನ್ನು ಹೊಡೆದುಹಾಕಿ, ಹಾಗೆ ಮಾಡಿದ್ದೇಕೆ ಎಂದು ಪ್ರಶಿಕ್ಷಣಾರ್ಥಿಗೆ ತಿಳಿಸಿದೆ. ಮರುಪಾಠವನ್ನು ಅವರು ಆ ಹುಡುಗಿಯ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದು ಆರಂಭಿಸಿದರು. ಗಟ್ಟಿತನ ಸಮಗೊಳಿಸುವ ಕೆಲಸವನ್ನೂ ಅವಳಿಗೇ ಒಪ್ಪಿಸಿದರು.